ಮಾನ ಉಳಿಸಲು ರಕ್ತವೇ?

‘ಜೀವ ಹೋದರೂ ಮಾನ ಹೋಗಬಾರದು’ ಎಂಬ ಮಾತನ್ನು ಕೇಳುತ್ತಲೇ ನಾವೆಲ್ಲ ಬೆಳೆದಿದ್ದೇವೆ. ಆದರೆ ಯಾರ ಜೀವ, ಯಾರ ಮಾನ ಎಂದು ವಿಚಾರಿಸುವವರು ಕಡಿಮೆ. ಬೆಳಗಾವಿ ಸೀಮೆಯ ಪ್ರಸಿದ್ಧ ಸಣ್ಣಾಟ ‘ಸಂಗ್ಯಾ ಬಾಳ್ಯಾ’ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ದೊಡ್ಡಾಟಕ್ಕೆ ಪುರಾಣದ ವೀರರು ಬೇಕು. ಸಣ್ಣಾಟಕ್ಕೆ ನೆರೆಮನೆಯ ಮನುಷ್ಯರೇ ಸಾಕು. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದರಿಂದ ಹುಟ್ಟಿತೆನ್ನಲಾದ ಈ ಆಟದ ಕಥೆ, ಅಲ್ಲಿಂದ ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರುಗಳವರೆಗಿನ ಜನರಿಗೆ ತಮ್ಮದೇ ಸೀಮೆಯ ಕಥೆ. ಸಂಗ್ಯಾ ಹಣವಂತ. ಅವನ ಕಣ್ಣು ಈರ್ಯಾನ ಹೆಂಡತಿ ಗಂಗಾಳ ಮೇಲೆ ಬೀಳುತ್ತದೆ. ಈರ್ಯಾ ವ್ಯಾಪಾರಕ್ಕೆಂದು ಊರು ಬಿಟ್ಟಾಗ ಸಂಗ್ಯಾ ಅವನ ಮನೆ ಹೊಗುತ್ತಾನೆ. ಸುದ್ದಿ ಬಯಲಾಗುತ್ತದೆ. ಈರ್ಯಾ ಮತ್ತು ಅವನ ತಮ್ಮಂದಿರು ಸಂಗ್ಯಾನನ್ನು ಕೊಲ್ಲುತ್ತಾರೆ. ಅವನನ್ನು ಅವರ ಕೈಗೆ ಒಪ್ಪಿಸುವವನು ಜೀವದ ಗೆಳೆಯನಾದ ಬಾಳ್ಯಾನೇ.

ಇಲ್ಲಿ ಮಾನ ಕಳೆದುಕೊಂಡವರು ಯಾರು? ಊರಿನ ಕಣ್ಣಿಗೆ ಈರ್ಯಾ. ಆದರೆ ಅವನು ಮಾಡಿದ ತಪ್ಪಾದರೂ ಏನು? ನಂಬಿಕೆಯನ್ನು ಮುರಿದ ಗಳಿಗೆಯಲ್ಲೇ ಸಂಗ್ಯಾ ಮಾನ ಕಳೆದುಕೊಂಡಿದ್ದ, ಅದು ಆಗ ಯಾರಿಗೂ ತಿಳಿದಿರಲಿಲ್ಲ ಅಷ್ಟೆ. ಗೆಳೆಯನನ್ನು ಕೊಲೆಗೆ ಒಪ್ಪಿಸಿದಾಗ ಬಾಳ್ಯಾನೂ ಕಳೆದುಕೊಂಡ. ಅಂದರೆ ನಮ್ಮ ಮಾನವನ್ನು ನಮ್ಮ ನಡತೆಯೇ ಕಳೆಯಬಲ್ಲದು. ಇನ್ನೊಬ್ಬರು ಕಸಿಯಬಲ್ಲದ್ದು ಹೆಸರನ್ನು ಮಾತ್ರ. ಈರ್ಯಾನಾದರೋ ಹೋದ ಹೆಸರನ್ನು ರಕ್ತದಿಂದ ತೊಳೆಯಲು ಹೊರಟ. ಆದದ್ದೇನು? ಮುಚ್ಚಿಡಬೇಕೆಂದಿದ್ದ ಮನೆಯ ಮಾತು ರಂಗದ ಮೇಲೆ ಹಾಡಾಗಿ ಊರೂರು ತಿರುಗಿತು.

ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದಲ್ಲಿ ದೂರು ಸುಳ್ಳು. ಒಂದು ಕರವಸ್ತ್ರವನ್ನೇ ಸಾಕ್ಷಿಯೆಂದು ನಂಬಿ ಸೇನಾಪತಿ ನಿರಪರಾಧಿ ಹೆಂಡತಿಯನ್ನು ಕೊಲ್ಲುತ್ತಾನೆ. ಸತ್ಯ ತಿಳಿಯುವುದು ಆಮೇಲೆ. ಬೈಲಹೊಂಗಲದಲ್ಲಿ ದೂರು ನಿಜ, ವೆನಿಸ್ಸಿನವನ ಕಥೆಯಲ್ಲಿ ಸುಳ್ಳು. ಕೊಲೆ ಮಾತ್ರ ಎರಡೂ ಕಡೆ ತಪ್ಪಲಿಲ್ಲ. ಮಾನದ ಹೆಸರಲ್ಲಿ ಎತ್ತಿದ ಕತ್ತಿಗೆ ವಿಚಾರಣೆಯ ವ್ಯವಧಾನವಿರುವುದಿಲ್ಲ.

ಇಸ್ಲಾಮ್ ಮಾನಕ್ಕೆ ಬಹಳ ದೊಡ್ಡ ಸ್ಥಾನ ಕೊಟ್ಟಿದೆ. ತಮ್ಮ ವಿದಾಯದ ಹಜ್ಜ್‌ನ ಭಾಷಣದಲ್ಲಿ ಪ್ರವಾದಿ ಮುಹಮ್ಮದ್(ಸ) ಜನರ ರಕ್ತ, ಸೊತ್ತು, ಮಾನ ಮೂರನ್ನೂ ಒಟ್ಟಿಗೇ ಪವಿತ್ರವೆಂದು ಸಾರಿದರು. ಅಲ್ಲಿ ಕಾಯಬೇಕೆಂದು ಹೇಳಿದ್ದು ಪರರ ಮಾನವನ್ನು. ರಕ್ತವೂ ಮಾನವೂ ಒಂದೇ ಸಾಲಿನಲ್ಲಿ ಪವಿತ್ರವಾಗಿರುವಾಗ ಒಂದಕ್ಕಾಗಿ ಇನ್ನೊಂದನ್ನು ಹರಿಸುವುದು ಹೇಗೆ? ಸ್ವತಃ ಪ್ರವಾದಿಯವರ(ಸ) ಮನೆಯ ಮೇಲೆ, ಹ. ಆಯಿಶಾರ(ರ) ಮೇಲೆ ಅಪವಾದ ಬಂದಾಗ ಮದೀನಾದಲ್ಲಿ ಸುಮಾರು ಒಂದು ತಿಂಗಳು ಮಾತು ಹರಿದಾಡಿತು. ಪ್ರವಾದಿ(ಸ) ನೊಂದರು, ವಿಚಾರಿಸಿದರು, ಕಾದರು, ಕೈಯೆತ್ತಲಿಲ್ಲ. ಕೊನೆಗೆ ಕುರ್‌ಆನಿನ ಅನ್ನೂರ್ ಅಧ್ಯಾಯ ಆಕೆಯನ್ನು ದೋಷಮುಕ್ತಗೊಳಿಸಿತು. ನಾಲ್ವರು ಸಾಕ್ಷಿಗಳನ್ನು ತರದೆ ಶೀಲವಂತ ಸ್ತ್ರೀಯರ ಮೇಲೆ ಆರೋಪ ಹೊರಿಸಿದವರಿಗೆ 80 ಛಡಿಯೇಟಿನ ಶಿಕ್ಷೆಯನ್ನೂ ಅದೇ ಅಧ್ಯಾಯ ವಿಧಿಸಿದೆ.

ಇಷ್ಟೆಲ್ಲ ತಿಳಿದ ನಮ್ಮ ಸಮುದಾಯ ಈ ರೋಗದಿಂದ ಮುಕ್ತವಾಗಿದೆಯೇ? 2017ರಲ್ಲಿ ವಿಜಯಪುರ ಜಿಲ್ಲೆಯಲ್ಲಿ ದಲಿತ ಯುವಕನನ್ನು ಮದುವೆಯಾದ ಗರ್ಭಿಣಿ ಮುಸ್ಲಿಮ್ ಯುವತಿಯನ್ನು ಅವಳ ಮನೆಯವರೇ ಸುಟ್ಟು ಕೊಂದರು. ಇತರ ಸಮುದಾಯಗಳಲ್ಲೂ ಇಂಥದ್ದು ನಡೆದಿದೆ ಎಂಬುದು ನಮಗೆ ಸಮಾಧಾನವಾಗಲಾರದು. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕೊಲೆಗಳನ್ನು ತಡೆಯಲು ಸರಕಾರಗಳಿಗೆ ನಿರ್ದೇಶನಗಳನ್ನು ನೀಡಿತು. ಆದರೆ ಪೊಲೀಸರು ಬರುವ ಮೊದಲೇ ‘ಜನ ಏನಂದಾರು’ ಎಂಬ ಭಯ ಮನೆಯೊಳಗೆ ಬಂದು ಕುಳಿತಿರುತ್ತದೆ. ಆ ‘ಜನ’ರಲ್ಲಿ ನಾವೂ ಸೇರಿದ್ದೇವೆ. ಕಟ್ಟೆಯ ಮೇಲೆ, ಮದುವೆಮನೆಯಲ್ಲಿ, ಮೊಬೈಲಿನಲ್ಲಿ ಇನ್ನೊಬ್ಬರ ಮಗಳ ಬಗ್ಗೆ ನಾವಾಡುವ ಹಗುರ ಮಾತೇ ಒಬ್ಬ ಈರ್ಯಾನ ಕೈಗೆ ಆಯುಧ ಕೊಡುತ್ತದೆ.

ನಮ್ಮ ಮಾನವನ್ನು ನಡತೆಯಿಂದ ಕಾಯೋಣ, ಪರರ ಮಾನವನ್ನು ನಾಲಿಗೆ ಬಿಗಿಹಿಡಿದು ಕಾಯೋಣ. ಇವೆರಡನ್ನು ಮಾಡಿದರೆ ಮಾನಕ್ಕಾಗಿ ಯಾರೂ ಕತ್ತಿ ಹುಡುಕಬೇಕಾಗುವುದಿಲ್ಲ.