ಮದ್ದಿಗಾಗಿ ಜೀವ ತೆಗೆಯಬಹುದೇ?

ಭಂಕೂರ, ಶಹಾಬಾದ್ ಸೀಮೆಯಿಂದ ಕಾಗಿಣಾ ನದಿಯ ಗುಂಟ ಮೇಲಕ್ಕೆ ಹೋದರೆ ಸೇಡಂ ತಾಲ್ಲೂಕಿನ ಮಳಖೇಡ ಸಿಗುತ್ತದೆ. 9ನೇ ಶತಮಾನದಲ್ಲಿ ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯನೆಂಬ ಜೈನ ವೈದ್ಯ, ಮಾಂಸ ಔಷಧವಲ್ಲ ಎಂದು ವಾದಿಸಿದ. ಅವನ ಸಂಸ್ಕೃತ ಗ್ರಂಥ ‘ಕಲ್ಯಾಣಕಾರಕ’ ಮಾಂಸ, ಮದ್ಯ, ಜೇನುತುಪ್ಪಗಳನ್ನು ದೂರವಿಟ್ಟು ಚಿಕಿತ್ಸೆ ಹೇಳುತ್ತದೆ. ಒಂದು ಜೀವ ಉಳಿಸಲು ಇನ್ನೊಂದನ್ನು ಕೊಲ್ಲಲೇಬೇಕೇ ಎಂಬುದು ಅವನ ಪ್ರಶ್ನೆ.

ಆ ಪ್ರಶ್ನೆ ಈಗ ಜೀವರಸಾಯನ ಪ್ರಯೋಗಾಲಯದ ಬಾಗಿಲಲ್ಲಿದೆ.

ಕಾಮಾಲೆಗೆ ಕುಡಿಸುವ ನೆಲನೆಲ್ಲಿಯನ್ನೇ ನೋಡಿ. ಅದರ ಗುಣ ಅಳೆಯಲು ಇಲಿಗೆ ಮೊದಲು ಕಾರ್ಬನ್ ಟೆಟ್ರಾಕ್ಲೋರೈಡ್ ಕೊಡುತ್ತಾರೆ. ಯಕೃತ್ತಿನಲ್ಲಿ ಅದು ಒಡೆದು, ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸುವ ಉಗ್ರ ಕಣಗಳಾಗುತ್ತದೆ. ಬಳಿಕ ಸೊಪ್ಪಿನ ಸಾರ ಕುಡಿಸಿ, ಇಲಿಯನ್ನು ಕೊಂದು, ಯಕೃತ್ತಿನ ಕಿಣ್ವಗಳನ್ನು ಅಳೆಯುತ್ತಾರೆ. ಅಂಥ ಕಣಗಳನ್ನು ತಣಿಸುವ ಕಿಣ್ವಗಳಿವು: ಉಸಿರಾಟದಲ್ಲಿ ಹುಟ್ಟುವ ಸೂಪರಾಕ್ಸೈಡನ್ನು ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ; ಅದನ್ನು ಕ್ಯಾಟಲೇಸ್, ಗ್ಲುಟಾಥಯೋನ್ ಪೆರಾಕ್ಸಿಡೇಸ್ ನೀರಾಗಿಸುತ್ತವೆ. ಮೊದಲ ಕಿಣ್ವದ ಈ ಕೆಲಸವನ್ನು 1969ರಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್ ತೋರಿಸಿಕೊಟ್ಟ ಮೇಲೆ ಈ ಮೂರರ ಅಳತೆ ಸಸ್ಯೌಷಧ ಸಂಶೋಧನೆಯ ವಾಡಿಕೆಯೇ ಆಗಿಹೋಗಿದೆ.

ಇಲಿಯಲ್ಲಿ ಈ ಕಿಣ್ವಗಳ ಅಂಕಿ ಏರಿದರೆ ಮನುಷ್ಯನ ರೋಗ ಇಳಿಯುತ್ತದೆಯೇ? 1988ರಲ್ಲಿ ಮದ್ರಾಸಿನ ಸಂಶೋಧಕರು ನೆಲನೆಲ್ಲಿ ಸೇವಿಸಿದ ಹೆಪಟೈಟಿಸ್ ಬಿ ವಾಹಕರಲ್ಲಿ ಶೇ. 59 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಬೇರೆಡೆಯ ಪರೀಕ್ಷೆಗಳಲ್ಲಿ ಆ ಫಲ ಮರಳಿ ಕಾಣಲಿಲ್ಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಂತೂ, ಉಗ್ರ ಕಣಗಳನ್ನು ತಣಿಸುವ ಉತ್ಕರ್ಷಣ ನಿರೋಧಕವೆಂದು ನಂಬಿ ಕೊಟ್ಟ ಬೀಟಾ ಕ್ಯಾರೋಟೀನ್ ಸೇವಿಸಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತು.

ಹಾಗೆಂದು ಪರೀಕ್ಷೆಯೇ ಬೇಡ ಎನ್ನುವುದೂ ಹಿಂಸೆಯೇ. 1937ರಲ್ಲಿ ಅಮೆರಿಕದಲ್ಲಿ ವಿಷಗುಣ ಪರೀಕ್ಷಿಸದೆ ಮಾರಿದ ಸಲ್ಫಾನಿಲಮೈಡ್ ದ್ರಾವಣ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಸತ್ತವರಲ್ಲಿ ಮಕ್ಕಳೂ ಇದ್ದರು. ಅಹಿಂಸೆ ಇಲಿಗೆ ಸಲ್ಲುವಂತೆ ರೋಗಿಗೂ ಸಲ್ಲಬೇಕು.

ಜೈನ ದರ್ಶನ ಇಲ್ಲಿ ನೆರವಿಗೆ ಬರುತ್ತದೆ. ಗಿಡಕ್ಕೂ ಜೀವವಿದೆ, ಅದು ಏಕೇಂದ್ರಿಯ. ಹುಳು ದ್ವೀಂದ್ರಿಯ, ಇರುವೆ ತ್ರೀಂದ್ರಿಯ, ನೊಣ ಚತುರಿಂದ್ರಿಯ, ಇಲಿ ಮನುಷ್ಯನಂತೆಯೇ ಪಂಚೇಂದ್ರಿಯ. ಹಿಂಸೆ ಪೂರ್ತಿ ತಪ್ಪದ ಕಡೆ ಅದನ್ನು ಕೆಳಗಿನ ಮೆಟ್ಟಿಲಲ್ಲೇ ನಿಲ್ಲಿಸುವ ವಿವೇಕವಿದು. 1959ರಲ್ಲಿ ಬ್ರಿಟನ್ನಿನ ರಸೆಲ್ ಮತ್ತು ಬರ್ಚ್ ಹೇಳಿದ್ದೂ ಹತ್ತಿರದ ಮಾತೇ: ಪ್ರಾಣಿಯ ಬದಲಿಗೆ ಬೇರೆ ದಾರಿ ಹುಡುಕಿ, ಸಂಖ್ಯೆ ತಗ್ಗಿಸಿ, ನೋವು ಕಡಿಮೆ ಮಾಡಿ. ಸೊಪ್ಪಿನ ಸಾರವನ್ನು ಮೊದಲು ಸಾಕಿದ ಜೀವಕೋಶಗಳ ಮೇಲೆ, ಆಮೇಲೆ ಹಣ್ಣುನೊಣದ ಮೇಲೆ ನೋಡಬಹುದು. ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್ ನೊಣದಲ್ಲೂ ಇವೆ.

ಕಾನೂನೂ ಈ ದಿಕ್ಕಿಗೆ ತಿರುಗಿದೆ. ಭಾರತದಲ್ಲಿ 1998ರ ನಿಯಮಗಳು ಪ್ರಾಣಿಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ ಮಾಡಿದವು. 2023ರ ತಿದ್ದುಪಡಿ ಹೊಸ ಔಷಧಗಳ ಪರೀಕ್ಷೆಗೆ ಪ್ರಾಣಿಯೇತರ ವಿಧಾನಗಳನ್ನು ಒಪ್ಪಿತು. ಆದರೆ ಸಮಿತಿ ಕೇಳಬೇಕಾದದ್ದು ಇನ್ನೂ ಇದೆ. ಈ ಸೊಪ್ಪನ್ನು ಮನುಷ್ಯರಿಗೆ ಕೊಟ್ಟಾಗ ಏನಾಯಿತೆಂದು ಅರ್ಜಿದಾರರು ಓದಿದ್ದಾರೆಯೇ? ಇದೇ ವಿಷ, ಇದೇ ಕಿಣ್ವ, ಇದೇ ಫಲ ಈಗಾಗಲೇ ಅಚ್ಚಾಗಿದೆಯೇ? ಅಚ್ಚಾಗಿದ್ದರೆ, ಪದವಿಗಾಗಿ ಅದನ್ನೇ ಮತ್ತೆ ಮಾಡಿ ತೋರಿಸಲು ಇಲಿ ಕೊಲ್ಲುವುದಕ್ಕೆ ಅನುಮತಿ ಕೊಡಬಾರದು.