ಮಗುವಿನ ಎಲುಬು, ಹಿರಿಯರ ತೀರ್ಪು

ಉಡುಪಿಯ ರಥಬೀದಿಗೆ ಬಂದವರು ಮೊದಲು ಚಂದ್ರಮೌಳೀಶ್ವರನಿಗೆ ಕೈಮುಗಿದು, ಅನಂತೇಶ್ವರನನ್ನು ಕಂಡು, ಆಮೇಲೆ ಕೃಷ್ಣದರ್ಶನಕ್ಕೆ ಹೋಗುವುದು ರೂಢಿ. ಆ ಮೊದಲ ಗುಡಿಯ ಸ್ಥಳಪುರಾಣ ಒಂದು ಕಾಯಿಲೆಯ ಕಥೆ. ಇಪ್ಪತ್ತೇಳು ಹೆಂಡಿರಲ್ಲಿ ರೋಹಿಣಿಯೊಬ್ಬಳನ್ನೇ ಮೆಚ್ಚಿದ ಚಂದ್ರನಿಗೆ ಮಾವ ದಕ್ಷನ ಶಾಪದಿಂದ ಕ್ಷಯ ಹತ್ತಿತು. ಈ ಗುಡಿಯ ಸ್ಥಳವಾದ ಅಬ್ಜಾರಣ್ಯದಲ್ಲಿ ಶಿವನನ್ನು ಕುರಿತು ತಪಸ್ಸು ಮಾಡಿ ಅವನು ಚೇತರಿಸಿಕೊಂಡ. ಚರಕಸಂಹಿತೆಯೂ ರಾಜಯಕ್ಷ್ಮದ, ಅಂದರೆ ಕ್ಷಯದ, ಹುಟ್ಟಿಗೆ ಚಂದ್ರನ ಕಥೆಯನ್ನೇ ಹೇಳುತ್ತದೆ. ರೋಗವೆಂದರೆ ತಪ್ಪಿಗೆ ತೆತ್ತ ದಂಡ ಎಂಬ ಎಣಿಕೆ ನಮ್ಮಲ್ಲಿ ಅಷ್ಟು ಹಳೆಯದು. ಅದನ್ನು ಒರೆಗೆ ಹಚ್ಚಲು ಮೂಳೆಯ ಕ್ಷಯಕ್ಕಿಂತ ಕಟುವಾದ ನಿದರ್ಶನ ಸಿಗದು.

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ಲೋಕಕ್ಕೆ ತೋರಿಸಿದ್ದು 1882ರಲ್ಲಿ. ಉಸಿರಿನೊಡನೆ ಶ್ವಾಸಕೋಶ ಸೇರಿದ ಅದು ಕೆಲವರಲ್ಲಿ ರಕ್ತದ ಮೂಲಕ ಎಲುಬಿಗೆ ತಲುಪುತ್ತದೆ. ಮೂಳೆ-ಕೀಲುಗಳ ಕ್ಷಯದಲ್ಲಿ ಸುಮಾರು ಅರ್ಧದಷ್ಟು ಬೆನ್ನೆಲುಬಿನದೇ. ಡಿಸ್ಕಿಗೆ ತಾಗಿದ ಕಶೇರುವಿನ ಮುಂಭಾಗ ಸವೆದು, ಭಾರ ತಾಳದೆ ಕುಸಿದು, ಹಿಂದೆ ಗೂನು ಏಳುತ್ತದೆ. ಕೂಡಿದ ಕೀವು ಮಿದುಳುಬಳ್ಳಿಯನ್ನು ಒತ್ತಿದರೆ ಕಾಲುಗಳ ಬಲ ಹೋಗುತ್ತದೆ. ಆ ಕೀವಿಗೆ ಬಿಸಿಯಿಲ್ಲ, ಕೆಂಪಿಲ್ಲ. ಬೆನ್ನಿನಲ್ಲಿ ಹುಟ್ಟಿ, ಸ್ನಾಯುವಿನ ಜಾಡು ಹಿಡಿದು ತೊಡೆಸಂದಿನಲ್ಲಿ ಬಾವಾಗಿ ಕಾಣಿಸಿಕೊಳ್ಳುವುದೂ ಉಂಟು. ಸೊಂಟದ ಕೀಲಿಗೆ ಹತ್ತಿದರೆ ಮಗು ಹಗಲಿನಲ್ಲಿ ತುಸು ಕುಂಟುತ್ತದೆ, ಅಷ್ಟೆ. ರಾತ್ರಿ ನಿದ್ದೆ ಹತ್ತಿ, ಕೀಲನ್ನು ಬಿಗಿಹಿಡಿದಿದ್ದ ಸ್ನಾಯುಗಳು ಸಡಿಲವಾದಾಗ ಚೀರಿ ಎದ್ದು ಕೂರುತ್ತದೆ. ಆ ಮಗು ಮಾಡಿದ ತಪ್ಪೇನು? ‘ಈ ಜನ್ಮದ್ದಲ್ಲ, ಹಿಂದಿನದು’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಕರ್ಮಸಿದ್ಧಾಂತವನ್ನೇ ತಳ್ಳಿಹಾಕಿ ಈ ವಾದ ಗೆಲ್ಲಬಹುದು, ಅದರ ಅಗತ್ಯವಿಲ್ಲ. ಮಧ್ವಾಚಾರ್ಯರ ದರ್ಶನದಲ್ಲಿ ಜೀವ ಪರತಂತ್ರ, ಅವನ ಅರಿವು ಅಲ್ಪ. ಸ್ವತಂತ್ರನೂ ಸರ್ವಜ್ಞನೂ ಹರಿಯೊಬ್ಬನೇ. ಹಾಗಿದ್ದಮೇಲೆ ನೆರೆಮನೆಯ ಮಗುವಿಗೆ ಯಾವ ಜನ್ಮದ ಯಾವ ಕರ್ಮ ಬಂದು ತಗುಲಿತೆಂದು ಹೇಳುವವನು ಹರಿಗೆ ಮಾತ್ರ ಸಲ್ಲುವ ಅರಿವು ತನಗಿದೆ ಎಂದಂತಾಯಿತು. ಕರ್ಮವನ್ನು ನಂಬುವವರೇ ಈ ಮಾತಾಡಲು ಎಲ್ಲರಿಗಿಂತ ಹೆಚ್ಚು ಹಿಂಜರಿಯಬೇಕು. ಜ್ಯೋತಿಷಿಯ ಬಳಿ ಪ್ರಶ್ನೆ ಇರಿಸಿ, ದೋಷ ಕೇಳಿ, ಹರಕೆ ಹೊತ್ತರೆ ನಷ್ಟವೇನು ಎನ್ನುವವರಿದ್ದಾರೆ. ಹರಕೆಯಿಂದ ನಷ್ಟವಿಲ್ಲ, ಹರಕೆ ತೀರುವವರೆಗೆ ಆಸ್ಪತ್ರೆಯನ್ನು ಮುಂದೂಡುವುದರಿಂದ ಇದೆ. 1953ರಿಂದ ವೈದ್ಯಕೀಯ ಕಾಲೇಜಿರುವ ಮಣಿಪಾಲ ರಥಬೀದಿಗೆ ನಾಲ್ಕೈದು ಕಿಲೋಮೀಟರ್ ದೂರ. ವರ್ಷದಷ್ಟು ಕಾಲ ಬಿಡದೆ ನುಂಗುವ ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಆದರೆ ಒಮ್ಮೆ ಕುಸಿದ ಎಲುಬನ್ನು ಮೊದಲಿನಂತೆ ಎತ್ತಿ ನಿಲ್ಲಿಸದು. ಕಾಯಿಲೆ ವಾಸಿಯಾದರೂ ಗೂನು ಉಳಿಯುತ್ತದೆ, ಅದನ್ನು ಕಂಡವರ ತೀರ್ಪೂ ಉಳಿಯುತ್ತದೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ರೋಗಾಣು ಹಲವರ ಒಳಹೊಕ್ಕರೂ ಕೆಲವರೇ ಮಲಗುತ್ತಾರೆ, ಇವನಿಗೇ ಏಕೆ ಎಂಬುದಕ್ಕೆ ವಿಜ್ಞಾನದಲ್ಲಿ ಉತ್ತರವೆಲ್ಲಿ? ಪೂರ್ತಿ ಉತ್ತರವಿಲ್ಲ, ನಿಜ. ಆದರೆ ಚರಕಸಂಹಿತೆ ಚಂದ್ರನ ಕಥೆಗೇ ನಿಲ್ಲದೆ ನಾಲ್ಕು ಕಾರಣ ಕೊಡುತ್ತದೆ: ಶಕ್ತಿಮೀರಿದ ದುಡಿಮೆ, ಮಲಮೂತ್ರಾದಿ ದೇಹದ ವೇಗಗಳನ್ನು ತಡೆಯುವುದು, ಧಾತುಗಳು ಸೊರಗುವುದು, ಕ್ರಮಗೆಟ್ಟ ಊಟ. ನಾಲ್ಕರಲ್ಲಿ ಒಂದೂ ಶಾಪವಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಮಂದಿಗೆ ತಿಂಗಳು ತಿಂಗಳು ಅಕ್ಕಿ-ಬೇಳೆ ಕೊಟ್ಟದ್ದರಿಂದ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇಕಡ 40ರಷ್ಟು ಇಳಿದಿತ್ತು. ಅಕ್ಕಿಯಿಂದ ತಗ್ಗುವುದನ್ನು ಪೂರ್ವಜನ್ಮದ ಪಾಪವೆಂದು ಕರೆಯುವುದು ಹೇಗೆ? ‘ಇವನಿಗೇ ಏಕೆ’ ಎಂಬ ಪ್ರಶ್ನೆಯ ದೊಡ್ಡ ಪಾಲು ಅಡುಗೆಮನೆಯ ಡಬ್ಬಿಗಳಲ್ಲಿದೆ, ಅದಕ್ಕೆ ಉತ್ತರ ಕೊಡಬೇಕಾದವರು ನಾವು. ರೋಗಿ ತಾನಾಗಿ ‘ನನ್ನ ಕರ್ಮ, ಉಂಡು ತೀರಿಸುತ್ತೇನೆ’ ಎಂದು ಧೈರ್ಯ ತಂದುಕೊಂಡು ಮಾತ್ರೆ ಮುಂದುವರಿಸಿದರೆ ಆ ನಂಬಿಕೆ ಅವನದು. ಅದನ್ನು ಕಿತ್ತುಕೊಳ್ಳುವ ಹಕ್ಕು ವೈದ್ಯರಿಗೂ ಇಲ್ಲ. ಅದೇ ಮಾತನ್ನು ಅವನ ಮುಖಕ್ಕೆ ಹೇಳುವ ಹಕ್ಕು ಮಾತ್ರ ಬೇರೆ ಯಾರಿಗೂ ಇಲ್ಲ.