ಎಲ್ಲರದ್ದೆಂಬದು ಯಾರದು?

ಚಿಕ್ಕ ಮಕ್ಕಳಿಗೆ ಪೌರಧರ್ಮವನ್ನು ಕಲಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಸರಿಯೇ. ಆದರೆ ಏಳು ವರುಷದ ಮಗುವಿಗೆ ರಾಜ್ಯವೆಂದರೇನೆಂದು ತಿಳಿಯದು. ಹಿತ್ತಲಿನ ಆಚೆಗಿರುವ ಬೆಟ್ಟವು ಚೆನ್ನಾಗಿ ತಿಳಿಯುವದು.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಅಡಿಕೆ ತೋಟದವರಿಗೆ ಗೊಬ್ಬರಕ್ಕೋಸ್ಕರ ಸೊಪ್ಪಿನ ಬೆಟ್ಟವನ್ನು ಬಿಟ್ಟಿರುವದನ್ನು ನೀವು ಬಲ್ಲಿರಿ. ಒಂದು ಎಕರೆ ತೋಟಕ್ಕೆ 9 ಎಕರೆಯ ವರೆಗೂ ಉಂಟು. ನೆಲವು ಸರಕಾರದ್ದು, ಸೊಪ್ಪೂ ದರಕೂ ತೋಟದವನ ಉಪಯೋಗಕ್ಕೆ. ತುದಿಯನ್ನುಳಿಸಿ ಕೊಂಬೆಗಳನ್ನು ಸವರಿದರೆ ಮರವು ಪುನಃ ಚಿಗುರುವದು, ಬೋಳು ಮಾಡಿದರೆ ಸೊರಗುವದು. ಇದನ್ನು ನೋಡುವದಕ್ಕೆ ಅಲ್ಲಿ ಕಾವಲುಗಾರನು ನಿಂತಿರುವದಿಲ್ಲ. ತಂದೆಯು ಮರದ ಮೇಲೆ, ಮಗನು ಕೆಳಗೆ ಸೊಪ್ಪನ್ನು ಒಟ್ಟುತ್ತಾ ಇರುತ್ತಾನೆ. ತಂದೆಯ ಕತ್ತಿಯು ಎಲ್ಲಿ ನಿಲ್ಲುತ್ತದೆಂದು ಮಗನು ನೋಡುತ್ತಾನೆ. ಪಾಠವು ಅಲ್ಲಿಗೇ ಮುಗಿಯಿತು. ಬಳಿಕ ಮಾಸ್ತರರು ಏನು ಹೇಳಿದರೂ ತಡವೇ.

ಹಾಗಾದರೆ ಕಟ್ಟಳೆಯನ್ನು ಮೀರದಿರುವವನೇ ಒಳ್ಳೇ ಪೌರನೋ? 1932ರಲ್ಲಿ ಸಿದ್ದಾಪುರ ಸೀಮೆಯ ರೈತರು ಕರವನ್ನು ಕೊಡಲೊಲ್ಲದೆ ತಮ್ಮ ಜಮೀನುಗಳನ್ನು ಕಳಕೊಂಡರು. 1983ನೇ ಇಸವಿಯ ಸಪ್ಟಂಬರ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಅಡವಿಗೆ ಹೋಗಿ, ಕಡಿಯಲಿಕ್ಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿಯು ಹೀಗೆ ಆರಂಭವಾಯಿತು. ಕಡಿಯಬಂದವರಾದರೋ ಕಳ್ಳರಲ್ಲ, ಸರಕಾರದ ಅಪ್ಪಣೆಯುಳ್ಳವರು. ಇದನ್ನು ಕೇಳಿದ ಮಗುವು, “ಅಪ್ಪಾ, ಸರಕಾರದ ಮಾತನ್ನು ಮೀರಬಹುದೋ?” ಎಂದರೆ ಏನನ್ನುವಿರಿ? ಹೌದೆಂದರೆ ಉದ್ಧಟನಾದಾನು, ಇಲ್ಲವೆಂದರೆ ಆ ಹಿರಿಯರಿಗೆ ಅನ್ಯಾಯವಾದೀತು.

ರಾತ್ರಿಯಲ್ಲಿ ನಾಟಾ ಹೊರುವವನೂ ಕಟ್ಟಳೆಯನ್ನು ಮೀರುತ್ತಾನಷ್ಟೆ. ಅವನು ಮುಖವನ್ನು ಮುಚ್ಚಿಕೊಂಡು ತನ್ನ ಮನೆಗೆ ತರುತ್ತಾನೆ. ಸಾಲ್ಕಣಿಯವರು ಹಗಲಿನಲ್ಲಿ ನಿಂತರು, ಯಾರನ್ನೂ ಹೊಡೆಯಲಿಲ್ಲ, ಒಂದು ತುಂಡನ್ನೂ ಮನೆಗೆ ಒಯ್ಯಲಿಲ್ಲ. ಸಿದ್ದಾಪುರದ ರೈತರು ನಷ್ಟವನ್ನು ತಾವೇ ಹೊತ್ತರು. ಈ ಭೇದವು ಏಳು ವರುಷದವನಿಗೂ ತಿಳಿಯುವದು. ದೊಡ್ಡವರಿಗೇ ಕೆಲವು ಸಾರಿ ಮರೆತುಹೋಗುವದು.

ತೋಟವಿಲ್ಲದ ಕೂಲಿಯವನ ಮಗುವು ಇನ್ನೂ ಕಠಿಣವಾದದ್ದನ್ನು ಕೇಳೀತು: “ಅವರಿಗೆ 9 ಎಕರೆ ಬೆಟ್ಟ, ನಾವು ಒಂದು ಹೊರೆ ಕಟ್ಟಿಗೆಗೆ ಹೋದರೆ ಯಾಕೆ ಗದರಿಸುತ್ತಾರೆ?” ಇದನ್ನು ಅಧಿಕಪ್ರಸಂಗವೆಂದು ಅಡಗಿಸಬಾರದು. ಆ ಮಗುವನ್ನು ಗ್ರಾಮಸಭೆಗೆ ಕರಕೊಂಡು ಹೋಗಿ ಹಿಂದಿನ ಸಾಲಿನಲ್ಲಾದರೂ ಕೂಡ್ರಿಸಿರಿ. ಅದೇ ಪ್ರಶ್ನೆಯನ್ನು ತನ್ನ ತಂದೆಯು ಎಲ್ಲರೆದುರಿಗೆ ಎದ್ದುನಿಂತು ವಿನಯದಿಂದ ಕೇಳುವದನ್ನು ಅದು ನೋಡಲಿ.